ಎಡಗೈಯಲ್ಲಿಟ್ಟ ಹಸಿರು ಹುಳ

ಮಿಸರ ದೇಶದ ಸತ್ತವರ ತಾಯಿತಗಳನ್ನು ನಾನು ಮೊದಲು ನೋಡಿದ್ದು ಜೋಳದ ಹಿಟ್ಟಿನಲ್ಲಿ. ರೊಟ್ಟಿ ಬಡಿಯಲೆಂದು ನಾದಿಟ್ಟಿದ್ದ ಹಿಟ್ಟಿನಿಂದ ನಮ್ಮ ಮನೆಯವರು ಒಂದು ಚೂರು ಮುರಿದುಕೊಂಡು, ಒಲೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅವನ್ನು ಮಾಡಿ ಮಾಡಿ ನೆಲದ ಮೇಲಿಟ್ಟರು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಮಾತು. ನಮ್ಮದು ಬೇವೂರು. ಮದುವೆಯಾದ ಸ್ವಲ್ಪ ದಿನಕ್ಕೇ ಅವರು ಪಲ್ಟನ್ನಿಗೆ ಸೇರಿ ಲಾರಿ ನಡೆಸಲು ಹೋಗಿದ್ದರು. ಈಜಿಪ್ಟಿಗೆ ಅವರು ಮಿಸರ ಎನ್ನುತ್ತಿದ್ದರು. ಯಲಬುರ್ಗದ ಶಾಲೆಯಲ್ಲಿ ಓದಿದ ಉರ್ದು ಪುಸ್ತಕದಲ್ಲಿ ಹಾಗೇ ಇತ್ತಂತೆ. ತಿರುಗಿ ಬಂದಾಗ ಮೈಮೇಲೆ ಒಂದು ಗಾಯವಿರಲಿಲ್ಲ. ಊರಿಗೆಲ್ಲ ಸಂತೋಷವಾಗಿತ್ತು. ಆದರೆ ನನಗೆ ಸಿಕ್ಕಿದ್ದು ಮಾತು ಮರೆತ ಮನುಷ್ಯ. ಹೊಲಕ್ಕೆ ಹೋಗುವರು, ಕುಂಟೆ ಹೊಡೆಯುವರು, ಹಾಕಿದ್ದನ್ನು ಉಣ್ಣುವರು. ಕಟ್ಟೆಯ ಮೇಲೆ ಯಾರಾದರೂ ಯುದ್ಧದ ಸುದ್ದಿ ಕೇಳಿದರೆ, "ಏನೈತ್ರಿ ಅಲ್ಲಿ, ಬರೀ ಉಸುಕು," ಎಂದು ಎದ್ದು ಬಂದುಬಿಡುವರು. ಇನ್ನೊಂದನ್ನೂ ನಾನು ಕಂಡುಕೊಂಡಿದ್ದೆ. ಕುಷ್ಟಗಿಯ ಹೆಸರು ಎತ್ತಿದರೆ ಅವರ ಮುಖ ಇಳಿಯುತ್ತಿತ್ತು. ಎತ್ತಿನ ಹಗ್ಗ ಬೇಕಾದರೂ, ಕುಂಟೆಯ ಕುಡ ಬೇಕಾದರೂ ಕುಷ್ಟಗಿಯ ದಾರಿ ಹಿಡಿಯದೆ ಕೊಪ್ಪಳಕ್ಕೇ ಹೋಗುತ್ತಿದ್ದರು. ಯಾಕೆಂದು ಅತ್ತೆ ಒಮ್ಮೆ ಕೇಳಿದಾಗ, "ಕೊಪ್ಪಳದಾಗ ಸಾಮಾನು ಛಲೋ ಸಿಗ್ತಾವ," ಎಂದಿದ್ದರು.

ಅತ್ತೆಯ ಬಗ್ಗೆ ಹೇಳಬೇಕು. ಊರಲ್ಲಿ ಯಾರು ತೀರಿಕೊಂಡರೂ ಜನ ಮೊದಲು ಓಡಿ ಬರುತ್ತಿದ್ದುದು ಅವರ ಹತ್ತಿರ. ನಮ್ಮಲ್ಲಿ ಕೂಸು ಹುಟ್ಟುತ್ತಲೇ ಅದಕ್ಕೊಂದು ಲಿಂಗ ಕಟ್ಟುತ್ತಾರೆ. ಬದುಕಿರುವ ತನಕ ಅದು ಮೈಮೇಲಿರುತ್ತದೆ. ಸತ್ತಾಗ ಅದನ್ನೇ ಎಡಗೈಯಲ್ಲಿ ಹಿಡಿಸಿ, ಕುಳ್ಳಿರಿಸಿ, ವಿಭೂತಿ ಪತ್ರಿ ಹಾಕಿ ಮಣ್ಣು ಮಾಡುತ್ತಾರೆ. ಮೈ ತೊಳೆಯುವುದು, ಸೆಟೆದುಕೊಳ್ಳುವ ಮೊದಲು ಕಾಲು ಮಡಿಸುವುದು, ಬೆರಳು ಬಿಡಿಸಿ ಲಿಂಗ ಹಿಡಿಸುವುದು ಎಲ್ಲ ಅತ್ತೆಯ ಕೈಯಿಂದ ಆಗುತ್ತಿತ್ತು. ಆ ಕೆಲಸ ಮಾಡುವಾಗ ಅವರು ಸತ್ತವರ ಜೊತೆ ಮೆಲ್ಲಗೆ ಮಾತಾಡುತ್ತಿದ್ದರು. "ಒಂಚೂರು ಈ ಕಡಿ ವಾಲು ನನ್ನಪ್ಪ, ಹಾಂ, ಆತು ನೋಡು," ಎನ್ನುತ್ತಿದ್ದರು. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಅಡುಗೆಮನೆಯಲ್ಲಿ ಕೂತರೆ, ಆ ದಿನದ ಕೆಲಸ ಹೇಗಾಯಿತೆಂದು ನನಗೆ ಹೇಳುವುದು ಅವರ ರೂಢಿ.

ಆ ಬೆಳಿಗ್ಗೆಯೂ ಹಾಗೇ ಕೂತಿದ್ದರು. ಓಣಿಯ ಮುದುಕರೊಬ್ಬರು ತೀರಿಹೋಗಿದ್ದರು.

"ಎಷ್ಟ್ ಮಾಡಿದ್ರೂ ಮುದುಕನ ತಲಿ ನಿಲ್ಲಲಿಲ್ಲ ನೋಡವ್ವ. ಕಡೀಕ ಅರಿವಿ ಸುರುಳಿ ಸುತ್ತಿ ಕುತ್ತಿಗಿಗೆ ಕೊಟ್ಟೆ," ಎಂದರು ಅತ್ತೆ.

ನೀರು ಕುಡಿಯಲು ಒಳಗೆ ಬಂದಿದ್ದ ನಮ್ಮ ಮನೆಯವರು ಅಲ್ಲೇ ನಿಂತರು. "ಮಿಸರದಾಗ ಸತ್ತವರ ತಲಿ ಜೋಲಬಾರ್ದಂತ ಸಣ್ಣದೊಂದು ಕಲ್ಲಿನ ದಿಂಬು ಇಡತಿದ್ರು, ಯವ್ವ," ಎಂದರು.

ತಾವಾಗಿಯೇ ಆಡಿದ ಮಾತು! ನಾನು ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಅವರ ಮುಖ ನೋಡಿದೆ. ಅತ್ತೆ ಮಾತ್ರ ಏನೂ ಆಗಿಲ್ಲವೆಂಬಂತೆ, "ಎಷ್ಟ್ ಸಣ್ಣದೋ?" ಎಂದು ಕೇಳಿದರು.

ಆಗಲೇ ನಮ್ಮ ಮನೆಯವರು ಕೂತು ಹಿಟ್ಟು ಮುರಿದುಕೊಂಡದ್ದು. ಮೊದಲು ದಿಂಬು ಮಾಡಿದರು. ಕೆಳಗೊಂದು ಪಾದ, ನಡುವೆ ಕಂಬ, ಮೇಲೆ ತಲೆ ಇಡಲು ಅರ್ಧಚಂದ್ರದಂಥ ತಗ್ಗು, ಒಟ್ಟು ಹೆಬ್ಬೆರಳಿನಷ್ಟು. ಆಮೇಲೆ ಒಂದು ಕಣ್ಣು. ಹುಬ್ಬು, ಕೆಳಗೆ ಹರಿದ ನೀರಿನಂಥ ಗೆರೆ, ಪಕ್ಕದಲ್ಲಿ ಸುರುಳಿ. "ಇದು ಗಿಡಗನ ಕಣ್ಣು. ಕಿತ್ತುಹೋದದ್ದು ಮತ್ತ ಕೂಡಿತ್ತಂತ. ಅದಕ್ಕ ಮೈ ಕೂಡಿರಲಿ ಅಂತ ಇಡತಿದ್ರು." ಆಮೇಲೆ ಬೆನ್ನುಮೂಳೆಯ ಕಂಬ, ಸತ್ತವನು ಎದ್ದು ನಿಲ್ಲಲೆಂದು. ಆಮೇಲೆ ಜೋಡಿಸಿದ ಎರಡು ಬೆರಳು. ಅದು ಕರಿಕಲ್ಲಿನಲ್ಲಿ ಇರುತ್ತಿತ್ತಂತೆ, ಯಾಕೆಂದು ಹೇಳಿದವನಿಗೂ ಸರಿಯಾಗಿ ತಿಳಿದಿರಲಿಲ್ಲವಂತೆ.

ಹೇಳಿದವನು ಕೈರೋದ ಹತ್ತಿರ ಅವರ ಲಾರಿಗಳು ನಿಲ್ಲುತ್ತಿದ್ದ ಬಯಲಿನ ಕಾವಲುಗಾರ, ಮುದುಕ. ಹರೆಯದಲ್ಲಿ ದೊರೆಗಳ ಕೈಕೆಳಗೆ ಹಳೆಯ ಗೋರಿಗಳನ್ನು ಅಗೆದವನು. ಇವರ ಭಾಷೆ ಅವನಿಗೆ ಬಾರದು, ಅವನದು ಇವರಿಗೆ ಬಾರದು. ಆದರೆ ಶಾಲೆಯ ಉರ್ದುವಿನ ಎಷ್ಟೋ ಮಾತು ಅವನ ಬಾಯಲ್ಲೂ ಇದ್ದವು. ಕಬರ್ ಎಂದರೆ ಇಬ್ಬರಿಗೂ ಗೋರಿ. ಮೀಜಾನ್ ಎಂದರೆ ತಕ್ಕಡಿ. ಕಲ್ಬ್ ಎಂದರೆ ಎದೆ, ಅವನು ಮೊದಲಕ್ಷರ ನುಂಗಿ ಬರೀ ಅಲ್ಬ್ ಎನ್ನುತ್ತಿದ್ದ. ಉಳಿದದ್ದನ್ನು ಉಸುಕಿನ ಮೇಲೆ ಬೆರಳಿನಿಂದ ಬರೆದು ತೋರಿಸುತ್ತಿದ್ದ.

ಕೊನೆಗೆ ಅವರು ಹಿಟ್ಟಿನಲ್ಲಿ ಮಾಡಿದ್ದು ಒಂದು ದಪ್ಪ ಹುಳ. ಅತ್ತೆ ನೋಡಿ ನಕ್ಕರು.

"ಇದು ಸೆಗಣಿ ಹುಳಾನೋ! ನಮ್ಮ ತಿಪ್ಯಾಗ ಉಂಡಿ ಉಳ್ಳಿಸ್ಕೊಂತ ಹೋಗೋದು."

"ಹೂಂ, ಅದs. ಅಂಥಾ ಹುಳಾನ ಸೂರ್ಯಾನ ಉಳ್ಳಿಸ್ಕೊಂತ ಹೋಗ್ತೈತಿ ಅಂತಿದ್ರಂತ ಅವರು. ಇದನ್ನ ಹಸರ ಕಲ್ಲಿನಾಗ ಮಾಡಿ ಸತ್ತವರ ಎದಿಮ್ಯಾಲ ಇಡತಿದ್ರು. ಸತ್ತ ಮ್ಯಾಲ ದೇವರ ಮುಂದ ಎದಿ ತೂಗತಾರಂತ, ಯವ್ವ. ತಕ್ಕಡಿ ಒಂದ್ ಕಡಿ ಎದಿ, ಇನ್ನೊಂದ್ ಕಡಿ ಹಕ್ಕಿ ಪುಕ್ಕ. ಆವಾಗ ಎದಿ ಎದ್ದ ನಿಂತು ತನ್ನ ಧಣಿ ವಿರುದ್ಧ ಸಾಕ್ಷಿ ಹೇಳಬಾರ್ದು. ಹೇಳಬ್ಯಾಡ ಅಂತ ಹುಳದ ಹೊಟ್ಟಿಮ್ಯಾಲ ಬರದಿರತಾರ."

"ಪಾಪ, ಅವರಿಗೂ ಅಂಜಿಕಿ ಇತ್ತನ್ನು," ಎಂದರು ಅತ್ತೆ. ಆಮೇಲೆ, "ನೀ ಅದನ್ನ ಕೈಯಾಗ ಹಿಡದು ನೋಡೀದೇನು?" ಎಂದು ಕೇಳಿದರು.

ನಮ್ಮ ಮನೆಯವರು ಹುಳವನ್ನು ಮುಷ್ಟಿಯಲ್ಲಿ ಹಿಸುಕಿ ಹಿಟ್ಟಿಗೆ ಸೇರಿಸಿ, ಎದ್ದು ಹೊರಗೆ ಹೋದರು.

ಓಣಿಯ ಆ ಮುದುಕರ ತಿಥಿಗೆಂದು ಕುಷ್ಟಗಿಯಿಂದ ಅವರ ಸಂಬಂಧಿಕಳೊಬ್ಬಳು ಬಂದಿದ್ದಳು. ಅತ್ತೆಗೆ ಕೈಮುಗಿದು ಹೋಗಲು ನಮ್ಮ ಮನೆಗೂ ಬಂದಳು. ಪಡಸಾಲೆಯಲ್ಲಿ ಕೂತು ತನ್ನ ಓಣಿಯ ಒಬ್ಬ ತಾಯಿಯ ಸುದ್ದಿ ಹೇಳಿದಳು. ಆ ತಾಯಿಯ ಕಿರಿಯ ಮಗ ಪಲ್ಟನ್ನಿಗೆ ಹೋಗಿ ಮಿಸರದಲ್ಲಿ ಜ್ವರದಿಂದ ಸತ್ತಿದ್ದ. ಸರಕಾರದ ತಾರು ಬಂದಿತ್ತು, ಅಷ್ಟೆ. ಅಲ್ಲಿ ಎಲ್ಲರನ್ನೂ ಸುಟ್ಟುಬಿಡುತ್ತಾರೆ ಎಂದು ಯಾರೋ ಹೇಳಿಬಿಟ್ಟಿದ್ದರು. ಅಂದಿನಿಂದ ಆ ತಾಯಿ ಮಗನ ಹೆಸರಿನಲ್ಲಿ ಏನನ್ನೂ ಮಾಡಗೊಡುತ್ತಿರಲಿಲ್ಲ. ಸಿಪಾಯಿ ಅಂಗಿ ಕಂಡರೆ ಸಾಕು, ಸಂತೆಯಲ್ಲೇ ನಿಲ್ಲಿಸಿ, "ನನ್ನ ಮಗನ್ನ ನೋಡೀರೇನು? ಕೈಯಾಗ ಲಿಂಗ ಇತ್ತೇನು?" ಎಂದು ಕೇಳುತ್ತಿದ್ದಳಂತೆ.

ನಮ್ಮ ಮನೆಯವರು ಅಂಗಳದಲ್ಲಿ ಬಾರುಕೋಲಿಗೆ ಹಗ್ಗ ಕಟ್ಟುತ್ತಿದ್ದರು. ಆ ಹೆಂಗಸು ಹೋದ ಮೇಲೆ ಒಳಗೆ ಬಂದು ಅವ್ವನ ಮುಂದೆ ನೆಲದ ಮೇಲೆ ಕೂತರು.

"ಆ ತಾಯಿ ಮಗನ ಕೈಯಾಗ ಹುಳಾ ಇಟ್ಟಾವ ನಾನs, ಯವ್ವ," ಎಂದರು.

ಅವರೂ ಸತ್ತ ಆ ಹುಡುಗನೂ ಒಂದೇ ಲಾರಿಯನ್ನು ಸರದಿಯಂತೆ ನಡೆಸುತ್ತಿದ್ದವರು. ನಮ್ಮ ಕಡೆಯ ಮಾತು ಆಡುವವರು ಆ ಬಯಲಿನಲ್ಲಿ ಇನ್ನೊಬ್ಬರಿರಲಿಲ್ಲ. ಹುಳ ಕೊಂಡಿದ್ದೂ ಆ ಗೆಳೆಯನೇ. ಬಯಲಿನ ಬಾಗಿಲಲ್ಲಿ ಮಾರಲು ಬಂದವನಿಂದ ತಗೊಂಡು, "ಊರಿಗೆ ಹೋಗಿ ನಮ್ಮವ್ವಗ ತೋರಸ್ತೀನಿ, ಸೆಗಣಿ ಹುಳಕ್ಕೂ ಇಲ್ಲಿ ಮರ್ಯಾದಿ ಐತಿ ಅಂತೀನಿ," ಎಂದು ಎಲ್ಲರನ್ನೂ ನಗಿಸಿದ್ದನಂತೆ. ಕಾವಲುಗಾರ ಮುದುಕ ಅದನ್ನು ಬೆಳಕಿಗೆ ಹಿಡಿದು ಅದರ ಕತೆ ಹೇಳಿದ ಮೇಲೆ ಮಾತ್ರ ಆತ ನಗುವುದು ಬಿಟ್ಟು, ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡ. ಆಮೇಲೆ ಜ್ವರ ಬಂತು. ದವಾಖಾನೆಗೆ ಸೇರಿಸುವಾಗ ಮೈಮೇಲಿನದನ್ನೆಲ್ಲ ತೆಗೆದು ಕುದಿಸಲು ಒಯ್ದರು. ಆ ಗಡಿಬಿಡಿಯಲ್ಲಿ ಶಿವದಾರವೂ ಹೋಯಿತು, ಲಿಂಗವೂ ಹೋಯಿತು. ನಮ್ಮ ಮನೆಯವರು ಎಲ್ಲ ಕಡೆ ಹುಡುಕಿದರು, ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಜ್ವರದಲ್ಲಿ ಗೆಳೆಯ ಒಂದೇ ಸಮನೆ ಕೊರಳು ಮುಟ್ಟಿಕೊಳ್ಳುತ್ತಿದ್ದನಂತೆ.

"ಸುಡಬ್ಯಾಡ್ರಿ, ನಮ್ಮಲ್ಲಿ ಮಣ್ಣು ಮಾಡ್ತಾರ ಅಂತ ಸಾಹೇಬಗ ಕೈಕಾಲು ಬಿದ್ದು ಹೇಳ್ದೆ. ಒಪ್ಪಿದ. ಕುಂದ್ರಸಲಿಕ್ಕೆ ಆಗಲಿಲ್ಲ, ಮಲಗಿಸಿದ್ವಿ. ಬರಿಗೈಯಾಗ ಹೆಂಗ ಕಳಸ್ಲಿ? ನನ್ನ ಲಿಂಗಾನ ಬಿಚ್ಚಿ ಕೊಡಬೇಕಂತ ಕೊರಳಿಗೆ ಕೈ ಹೋತು. ಆದ್ರ ಬಿಚ್ಚಲಿಕ್ಕೆ ಮನಸ್ಸು ಬರಲಿಲ್ಲ. ಅಂವನ ಹಾಸಿಗ್ಯಾಗ ಆ ಹುಳ ಇತ್ತು. ಅದನ್ನs ಇಟ್ಟೆ."

ನಾನು ಕಣ್ಣೊರಸಿಕೊಳ್ಳುತ್ತಿದ್ದೆ. ಅತ್ತೆ ಅಳಲಿಲ್ಲ. ತಮ್ಮ ಕೆಲಸದ ಮಾತು ಕೇಳುವಂತೆ ಕೇಳಿದರು.

"ಯಾವ ಕೈಯಾಗ ಇಟ್ಟಿ?"

"ಎಡಗೈಯಾಗ."

"ಬೆರಳು ಮುಚ್ಚಿದಿ?"

"ಮುಚ್ಚಿ, ಬಿಚ್ಚಬಾರ್ದಂತ ಅರಿವಿ ಕಟ್ಟೀನಿ."

"ವಿಭೂತಿ?"

"ನೀ ಕಟ್ಟಿಕೊಟ್ಟಿದ್ದ ಗಟ್ಟಿ ಇತ್ತು. ಒಂದ್ ಚೂರೂ ಉಳಿಸದಂಗ ಹಚ್ಚೀನಿ."

"ಮಾತಾಡ್ಸಿದಿ?"

ಅವರು ತಲೆಯೆತ್ತಿದರು. "ನೀ ಮಾತಾಡ್ತಿದ್ದಿಯಲ್ಲ, ಹಂಗ ಮಾತಾಡ್ಸಿದೆ. ಸುತ್ತ ನಿಂತವರು ನನಗ ತಲಿ ಕೆಟ್ಟೈತಿ ಅಂದ್ಕೊಂಡ್ರು."

ಅತ್ತೆ ಅವರ ಬೆನ್ನ ಮೇಲೆ ಕೈಯಿಟ್ಟರು. "ಪ್ಲೇಗ್ ಬಂದಾಗ ನಾ ಎಷ್ಟು ಮಂದಿಗೆ ಬರೇ ಪತ್ರಿ ಎಲಿ ಹಿಡಿಸಿ ಕಳಿಸೀನೋ! ಏನಿತ್ತೋ ಅದನ್ನ ಕೊಟ್ವಿ. ಇದನ್ನ ಆ ತಾಯಿಗೆ ಹೇಳದ ಹ್ಯಾಂಗ ಇದ್ದೀಯಪ್ಪ ಇಷ್ಟ್ ದಿನ? ಬಂಡಿ ಕಟ್ಟು. ನಾನೂ ಬರ್ತೀನಿ. ನೀನೂ ಬಾರವ್ವ."

ಮರುದಿನ ನಸುಕಿನಲ್ಲಿ ಬಂಡಿ ಕಟ್ಟಿಕೊಂಡು ಹೊರಟೆವು. ದಾರಿಯ ಎರಡೂ ಕಡೆ ತೊಗರಿ ಒಣಗಿ ಗಲಗಲ ಎನ್ನುತ್ತಿತ್ತು. ಹಾದಿಯುದ್ದಕ್ಕೂ ಅವರು ಎತ್ತುಗಳ ಜೊತೆ ಮಾತ್ರ ಮಾತಾಡಿದರು. ಕುಷ್ಟಗಿ ಮುಟ್ಟಿ ಮನೆ ಕೇಳಿಕೊಂಡು ಹೋದಾಗ, ಆ ತಾಯಿ ಅಂಗಳದಲ್ಲಿ ಮೊರ ಹಿಡಿದು ತೊಗರಿ ಕೇರುತ್ತಿದ್ದಳು. ಸಣ್ಣ ಮೈಯ, ಚುರುಕಾದ ಹೆಂಗಸು. ಗೋದಲಿಯ ಹತ್ತಿರ ಅವಳ ಹಿರಿಯ ಮಗ ಎತ್ತುಗಳಿಗೆ ಮೇವು ಹಾಕುತ್ತಿದ್ದ. ನಮ್ಮ ಮನೆಯವರ ಖಾಕಿ ಅಂಗಿ ಕಂಡದ್ದೇ ಅವಳು ಮೊರ ಕೆಳಗಿಟ್ಟಳು.

"ಎಲ್ಲಿದ್ದಿ ತಮ್ಮಾ ನೀನು? ಯಾವ ದೇಶದಾಗಿದ್ದಿ?"

"ಮಿಸರದಾಗ ಇದ್ದೆ ಯವ್ವ. ನಿಮ್ಮ ಮಗನ ಸಂಗಾಟ ಇದ್ದೆ."

ಅವಳು ಅಲ್ಲೇ ಕೂತುಬಿಟ್ಟಳು. ಅವರೂ ಅವಳೆದುರು ಮಣ್ಣಿನ ಮೇಲೆ ಕೂತು, ಮನೆಯಲ್ಲಿ ಹೇಳಿದ್ದನ್ನೆಲ್ಲ ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ. ಮಲಗಿಸಿದ್ದನ್ನು ಹೇಳಿದರು, ತಮ್ಮ ಲಿಂಗ ಬಿಚ್ಚಲಾಗದೆ ಹೋದದ್ದನ್ನು ಹೇಳಿದರು, ಹುಳವನ್ನೂ ಹೇಳಿದರು.

ಹಿರಿಯ ಮಗ ಮೇವು ಚೆಲ್ಲಿ ಬಂದ. "ಹುಳಾನ? ನನ್ನ ತಮ್ಮನ ಕೈಯಾಗ ಸೆಗಣಿ ಹುಳಾ ಇಟ್ಟ್ಯಾ? ಅದನ್ನ ಹೇಳಲಿಕ್ಕೆ ಇಲ್ಲೀ ತನಕ ಬಂದೀಯೇನು?"

ನಮ್ಮ ಮನೆಯವರು ತಲೆ ತಗ್ಗಿಸಿದರು. ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಆ ತಾಯಿಯೇ ಮಗನಿಗೆ, "ನೀ ಸುಮ್ಮನಿರು. ನೀ ಅಲ್ಲಿ ಇರಲಿಲ್ಲ," ಎಂದಳು. ಇವರ ಕಡೆ ತಿರುಗಿ, "ಅದು ಹ್ಯಾಂಗಿತ್ತು? ನನಗ ತೋರಸು," ಎಂದಳು.

ಎತ್ತು ನೀರು ಕುಡಿಯುವ ಬಾನಿಯ ಬುಡದಲ್ಲಿ ಮಣ್ಣು ಹಸಿಯಾಗಿತ್ತು. ಅವರು ಒಂದು ಹಿಡಿ ತೆಗೆದುಕೊಂಡು ಹುಳ ಮಾಡಿದರು. ಬೆನ್ನ ನಡುವೆ ಉಗುರಿನಿಂದ ಗೆರೆ ಎಳೆದರು, ಕಾಲುಗಳನ್ನು ಒತ್ತಿದರು, ಹೊಟ್ಟೆಯನ್ನು ಚಪ್ಪಟೆ ಮಾಡಿದರು. ಅವಳು ಅದನ್ನು ತನ್ನ ಎಡಗೈಯಲ್ಲಿ ಇಟ್ಟುಕೊಂಡು ಬೆರಳು ಮುಚ್ಚಿ ನೋಡಿದಳು.

"ಕಲ್ಲಿಂದೇನು?"

"ಹೌದ್ರಿ ಯವ್ವ. ಹಸರ ಕಲ್ಲು. ಎಳೀ ಜೋಳದ ಸುಳಿ ಬಣ್ಣ."

"ಎದಿ ಸಾಕ್ಷಿ ಹೇಳಬಾರ್ದಂತ ಇಡತಾರ ಅಂದೆಲ್ಲ? ಅಂವನ ಎದಿ ಏನ್ ಹೇಳೀತು? ನಾಗಂದಿಗಿ ಮ್ಯಾಲಿನ ಬೆಲ್ಲ ಕದ್ದ ತಿಂದದ್ದು ಹೇಳೀತು. ದಾಳಿಂಬ್ರಿ ತೋಟದ ಬೇಲಿ ಹಾರಿದ್ದು ಹೇಳೀತು." ಹೇಳುತ್ತಾ ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಅಳು. ಅತ್ತೆ ಹೋಗಿ ಅವಳನ್ನು ಎದೆಗೆ ಒತ್ತಿಕೊಂಡರು. ಸಾಕಷ್ಟು ಹೊತ್ತು ಹಾಗೇ ಕೂತಿದ್ದರು. ಹಿರಿಯ ಮಗ ಬಾನಿಗೆ ಒರಗಿ ಅಂಗವಸ್ತ್ರದಿಂದ ಮುಖ ಒರಸಿಕೊಳ್ಳುತ್ತಿದ್ದ.

ಅಳು ನಿಂತ ಮೇಲೆ ಅವಳು ನಮ್ಮ ಮನೆಯವರ ಗದ್ದ ಹಿಡಿದು ಮೇಲೆತ್ತಿದಳು. "ನಿನ್ನ ಲಿಂಗ ಬಿಚ್ಚಲಿಲ್ಲ, ಛಲೋ ಮಾಡಿದಿ. ಬಿಚ್ಚಿದ್ದರ ನಿಮ್ಮವ್ವಗ ನಾ ಏನ್ ಮಾರಿ ತೋರಸ್ಲಿ? ಸುಟ್ಟಿಲ್ಲ ಅಂದಿ. ಬರಿಗೈಯಾಗ ಕಳಿಸಿಲ್ಲ ಅಂದಿ. ನನಗ ಅಷ್ಟು ಸಾಕಪ್ಪ."

ಕೈಯಲ್ಲಿದ್ದ ಮಣ್ಣಿನ ಹುಳವನ್ನು ಬಾನಿಯ ನೀರಿಗೆ ಬಿಟ್ಟಳು. ಅದು ನೋಡುನೋಡುತ್ತಿದ್ದಂತೆ ಕರಗಿತು. "ಅಂವನ ಹತ್ರ ಒಂದು ಐತಿ. ಇಲ್ಲಿ ಇನ್ನೊಂದು ಯಾಕ?" ಎಂದು ಕೈತೊಳೆದುಕೊಂಡು, ಹಿರಿಯ ಮಗನಿಗೆ, "ಮಠಕ್ಕ ಹೋಗಿ ಅಯ್ಯನವರಿಗೆ ಹೇಳಿ ಬಾ. ತಮ್ಮನ ಹೆಸರಲೆ ಮಾಡೂದೆಲ್ಲಾ ಮಾಡೂಣು," ಎಂದಳು. ನಮ್ಮನ್ನು ಉಣ್ಣದೆ ಬಿಡಲಿಲ್ಲ. ಆ ಮಧ್ಯಾಹ್ನ ಬಿಸಿ ರೊಟ್ಟಿ, ಹಸಿ ಉಳ್ಳಾಗಡ್ಡಿ, ಕಾರಬ್ಯಾಳಿ ಉಂಡ ನಮ್ಮ ಮನೆಯವರು, ಇನ್ನೊಂದು ರೊಟ್ಟಿ ತಾವಾಗಿ ಕೇಳಿ ಹಾಕಿಸಿಕೊಂಡರು. ಯುದ್ಧದಿಂದ ಬಂದ ಮೇಲೆ ಅವರು ಹಾಗೆ ಕೇಳಿದ್ದು ಅದೇ ಮೊದಲು.

ಸತ್ತ ಮಗನ ಹೆಸರಿನಲ್ಲಿ ಆ ಮನೆಯವರು ಮಾಡಿದ ಗಣಾರಾಧನೆಯ ಊಟಕ್ಕೆ ನಮ್ಮನ್ನು ಕರೆಸಿದರು. ನಮ್ಮ ಮನೆಯವರು ಟೊಂಕಕ್ಕೆ ಪಂಚೆ ಬಿಗಿದು ಹಿರಿಯ ಮಗನ ಜೊತೆ ಪಂಕ್ತಿಗೆ ಬಡಿಸಿದರು. ಉಂಡು ಕೂತವರು ಸುತ್ತ ಸೇರಿದಾಗ ಗೆಳೆಯನ ಸುದ್ದಿಗಳನ್ನು ಹೇಳಿದರು. ಉಸುಕಿನಲ್ಲಿ ಹೂತುಹೋದ ಲಾರಿಗೆ ಎತ್ತಿಗೆ ಬೈದಂತೆ ಬೈಯುತ್ತಿದ್ದುದು, ಒಂಟೆಯನ್ನು ಕಂಡು ಗುಡಾರಕ್ಕೆ ಓಡಿದ್ದು. ಆ ತಾಯಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡು, "ಅದನ್ನ ಇನ್ನೊಮ್ಮೆ ಹೇಳು," ಎಂದು ಹೇಳಿಸಿದಳು.

ಅಂದು ಊಟಕ್ಕೆ ಬಂದಿದ್ದವರಲ್ಲಿ ಒಬ್ಬರು ಮುನಿರಾಬಾದಿನ ಮಾತು ತೆಗೆದರು. ಅಲ್ಲಿ ತುಂಗಭದ್ರೆಗೆ ಆಣೆಕಟ್ಟು ಕಟ್ಟುವ ಕೆಲಸ ನಡೆದಿತ್ತು. ಕಲ್ಲು, ಉಸುಕು ಹೊರುವ ಲಾರಿಗಳಿಗೆ ಚಾಲಕರು ಬೇಕಾಗಿದ್ದರು. ಯುದ್ಧದಿಂದ ಬಂದ ದಿನದಿಂದ ಲಾರಿ ಮುಟ್ಟುವುದಿಲ್ಲ ಎನ್ನುತ್ತಿದ್ದ ನಮ್ಮ ಮನೆಯವರು ಆ ಮಾತನ್ನು ಕೇಳಿಕೊಂಡು ಬಂದರು. ಬಂಡಿಯಲ್ಲಿ ಮರಳುವಾಗ ನನ್ನನ್ನೇ ಕೇಳಿದರು.

"ಹೋಗ್ಲೇನು? ನೀ ಬರ್ತೀಯೇನು ನನ್ನ ಸಂಗಾಟ?"

"ಬರದ ಏನ್ ಮಾಡ್ಲಿರಿ? ಒಂದ್ ಸಲ ಬಿಟ್ಟು ಹೋಗೀರಿ, ಸಾಕು," ಎಂದೆ. ಅತ್ತೆ ಸೆರಗು ಅಡ್ಡ ಹಿಡಿದು ನಕ್ಕರು.

ಹೀಗೆ ನಮ್ಮ ಸಂಸಾರ ಮುನಿರಾಬಾದಿನ ತಗಡಿನ ಮನೆಗಳ ಸಾಲಿಗೆ ಬಂತು. ಬೇಸಿಗೆಯಲ್ಲಿ ಒಳಗೆ ಕೂಡಲಾಗುತ್ತಿರಲಿಲ್ಲ, ಗಾಳಿ ಬೀಸಿದರೆ ತಗಡು ಬಡಿದುಕೊಳ್ಳುತ್ತಿತ್ತು. ಆದರೂ ನನಗೆ ಅಲ್ಲಿ ಬೇಜಾರಿರಲಿಲ್ಲ. ತೆಲುಗರು, ತಮಿಳರು, ನಮ್ಮ ಕೊಪ್ಪಳ ಭಾಗ್ಯನಗರದವರು, ಎಲ್ಲರ ಅಡುಗೆಯ ವಾಸನೆ ಒಂದೇ ಓಣಿಯಲ್ಲಿ. ನಮ್ಮ ಮನೆಯವರು ಮೈಯೆಲ್ಲ ಕಲ್ಲಿನ ಧೂಳು ಮಾಡಿಕೊಂಡು, ಮಾತಾಡುತ್ತಲೇ ಬಾಗಿಲು ದಾಟುತ್ತಿದ್ದರು. ಆಣೆಕಟ್ಟಿನ ಕಚೇರಿಯಲ್ಲಿ ಓದಿಕೊಂಡವರೊಬ್ಬರು ಇದ್ದರು. ಹುಳದ ಕತೆ ಕೇಳಿ ಅವರು, ಯುದ್ಧಕಾಲದಲ್ಲಿ ಸಿಪಾಯಿಗಳಿಗೆ ಮಾರಲೆಂದೇ ಅಂಥವನ್ನು ಹೊಸದಾಗಿ ಕೆತ್ತುತ್ತಿದ್ದರು, ಗೋರಿಯಿಂದ ಬಂದದ್ದು ಇರಲಾರದು ಎಂದರಂತೆ. ಅದನ್ನು ನನಗೆ ಹೇಳಿ ನಮ್ಮ ಮನೆಯವರು, "ಇದ್ದರೂ ಇರಬಹುದು. ಹೊಸಾದಾದ್ರ ಇನ್ನೂ ಛಲೋ ಆತು. ಯಾರ ಎದಿಮ್ಯಾಲಿಂದೂ ಕಸಗೊಂಡಂಗಾಗಲಿಲ್ಲ. ಮೊದಲ ಸಲ ನನ್ನ ಗೆಳ್ಯಾಗs ಬಂತು," ಎಂದರು. ಆ ಓದಿದವರಿಗೂ ಅದನ್ನೇ ಹೇಳಿದ್ದರಂತೆ, ಅವರೂ ಒಪ್ಪಿದರಂತೆ.

ನನ್ನ ಮೊದಲ ಕೂಸು ತಪ್ಪು ಹೆಜ್ಜೆ ಇಡುವ ಹೊತ್ತಿಗೆ ಕುಷ್ಟಗಿಯ ಆ ತಾಯಿ, ಬೇವೂರಿನಲ್ಲೇ ಉಳಿದಿದ್ದ ನಮ್ಮ ಅತ್ತೆಯನ್ನು ಕರೆದುಕೊಂಡು ಆಣೆಕಟ್ಟು ನೋಡಲು ಬಂದಳು. ಆ ವೇಳೆಗೆ ಅವರಿಬ್ಬರೂ ಅಕ್ಕತಂಗಿಯರಂತೆ ಆಗಿದ್ದರು. ನಮ್ಮ ಮನೆಯವರು ಇಬ್ಬರನ್ನೂ ಲಾರಿಯ ಮುಂದಿನ ಸೀಟಿಗೆ ಹತ್ತಿಸಿಕೊಂಡರು. ಕೂಸನ್ನು ಎತ್ತಿಕೊಂಡು ನಾನೂ ಇಕ್ಕಟ್ಟಿನಲ್ಲಿ ಕೂತೆ. ಲಾರಿ ಹೊರಟಾಗ ಆ ತಾಯಿ ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಅತ್ತೆಯ ರಟ್ಟೆ ಹಿಡಿದುಕೊಂಡಿದ್ದಳು. ಸ್ವಲ್ಪ ದೂರ ಹೋದ ಮೇಲೆ ಎರಡನ್ನೂ ಬಿಟ್ಟು, ಬಗ್ಗಿ ಬಗ್ಗಿ ನೋಡತೊಡಗಿದಳು. ಕಲ್ಲು ಹೊತ್ತ ಹೆಂಗಸರ ಸಾಲು, ನದಿಯ ಮಧ್ಯೆ ಏಳುತ್ತಿದ್ದ ಗೋಡೆ, ದೂರದಲ್ಲಿ ಇರುವೆಯಂಥ ಜನ.

"ಈ ನೀರು ನಮ್ಮ ಕುಷ್ಟಗಿಗೆ ಬರ್ತೈತೇನು ತಮ್ಮಾ?" ಎಂದು ಕೇಳಿದಳು.

"ಅಷ್ಟ್ ಎತ್ತರಕ್ಕ ಹತ್ತಂಗಿಲ್ಲಂತ ಯವ್ವ. ಗಂಗಾವತಿ ಕಡಿ ಹೋಗ್ತೈತಿ. ಅಲ್ಲೆಲ್ಲಾ ನೆಲ್ಲು ಬೆಳೀತಾರಂತ."

"ಹೋಗ್ಲಿ ಬಿಡು, ಅವರರ ಉಣ್ಣಲಿ. ಗಂಗಾವತ್ಯಾಗ ನನ್ನ ತಂಗಿ ಅದಾಳ. ಚೀಲ ತಗೊಂಡು ಹೋದ್ರ ಅಕ್ಕಿ ಇಲ್ಲ ಅಂತಾಳೇನು?" ಎಂದಳು. ನಮ್ಮ ಮನೆಯವರು ಗಟ್ಟಿಯಾಗಿ ನಕ್ಕು ಹಾರ್ನ್ ಒತ್ತಿದರು. ಕೂಸು ಬೆಚ್ಚಿತು. ಆಮೇಲೆ ಇನ್ನೊಮ್ಮೆ ಒತ್ತಲಿ ಎಂದು ಎರಡೂ ಕೈ ಚಾಚಿತು.